ಚೀನೀ ಓದುವ ಡಿಸ್ಲೆಕ್ಸಿಯಾ ಮಕ್ಕಳಿಗೆ ಅರ್ಥದ ದಾರಿ: ಶಿಕ್ಷಕರಿಗೂ ಹೆತ್ತವರಿಗೂ ಒಂದು ಸಮಗ್ರ ಮಾರ್ಗದರ್ಶಿ

ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ನಿರ್ದಿಷ್ಟ ಕಲಿಕಾ ತೊಂದರೆ, ಇರುವ ಚೀನೀ ಮಗು ಒಂದು ಪುಟವನ್ನು ತಡವರಿಸುತ್ತ ಓದಿ ಮುಗಿಸಿ, ಪ್ರಶ್ನೆ ಕೇಳಿದಾಗ ಉತ್ತರ ತೋಚದೆ ಕುಳಿತರೆ, ದೊಡ್ಡವರು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ: ಬಾರದ ಅಕ್ಷರಗಳನ್ನು ಚೌಕಳಿ ಪುಸ್ತಕದಲ್ಲಿ ಹತ್ತು ಸಲ, ಇಪ್ಪತ್ತು ಸಲ ಬರೆಸುವುದು. ಅಕ್ಷರ ಕಲಿಯದೆ ಓದು ಬರುವುದಿಲ್ಲ ಎಂಬುದು ನಿಜ. ಆದರೆ ಅರ್ಥ ಕೈಗೆ ಸಿಗದಿರಲು ಅಕ್ಷರವೊಂದೇ ಕಾರಣವಲ್ಲ. ಪದಗಳ ಒಳರಚನೆ, ವಾಕ್ಯದ ಕಟ್ಟು, ಕಥೆಯನ್ನು ಹೆಣೆಯುವ ಕೌಶಲ ಇವು ಮಾತಿನಲ್ಲಿಯೇ ಸಡಿಲವಾಗಿದ್ದರೆ ಎಷ್ಟು ಚೌಕಳಿ ತುಂಬಿಸಿದರೂ ಓದು ಅರ್ಥವಾಗಿ ಮಾರ್ಪಡುವುದಿಲ್ಲ. ಆದ್ದರಿಂದ ಚೀನೀ ಮಾಧ್ಯಮದ ಮಕ್ಕಳಿಗೆ ನೆರವಾಗುವ ಶಿಕ್ಷಕರು, ಭಾಷಾ ಚಿಕಿತ್ಸಕರು ಮತ್ತು ಹೆತ್ತವರು ತೊಡಕು ಎಲ್ಲಿದೆ ಎಂದು ಮೊದಲು ಗುರುತಿಸಿ, ಅನಂತರ ಆ ಜಾಗಕ್ಕೆ ತಕ್ಕ ಅಭ್ಯಾಸವನ್ನು ಕೊಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಲಿಪಿಯ ಸ್ವಭಾವವನ್ನು ಮೊದಲು ಅರಿಯಬೇಕು

ಚಿತ್ರದಂತೆ ಕಾಣುವ ಲಿಪಿಯಲ್ಲಿ ಡಿಸ್ಲೆಕ್ಸಿಯಾ ಇರಲಾರದು ಎಂಬ ನಂಬಿಕೆ ಒಂದು ಕಾಲದಲ್ಲಿ ವ್ಯಾಪಕವಾಗಿತ್ತು. 1982ರಲ್ಲಿ ಹೆರಾಲ್ಡ್ ಸ್ಟೀವನ್ಸನ್ ಮತ್ತು ಸಂಗಡಿಗರು ತೈವಾನ್, ಜಪಾನ್ ಮತ್ತು ಅಮೆರಿಕದ ಮಕ್ಕಳನ್ನು ಹೋಲಿಸಿ ನಡೆಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಓದಿನಲ್ಲಿ ಗಂಭೀರವಾಗಿ ಹಿಂದುಳಿದ ಮಕ್ಕಳು ಮೂರೂ ಕಡೆ ಇದ್ದರು. ಹಾಂಗ್‌ಕಾಂಗ್‌ನಲ್ಲಿ 2000ದ ಹೊತ್ತಿಗೆ ಚೀನೀ ಓದು ಬರಹದ ನಿರ್ದಿಷ್ಟ ಕಲಿಕಾ ತೊಂದರೆಯನ್ನು ಪತ್ತೆಮಾಡಲು ಪ್ರತ್ಯೇಕ ಪರೀಕ್ಷೆಯೇ ಸಿದ್ಧವಾಗಿತ್ತು. ಮಗುವಿಗೆ ಡಿಸ್ಲೆಕ್ಸಿಯಾ ಇದೆಯೇ ಎಂದು ತೀರ್ಮಾನಿಸುವುದು ಇಂಥ ಪರೀಕ್ಷೆಗಳನ್ನು ನಡೆಸಲು ತರಬೇತಿ ಪಡೆದ ಮನೋವಿಜ್ಞಾನಿಯ ಕೆಲಸ. ಮುಂದೆ ಹೇಳುವ ಹೆಜ್ಜೆಗಳು ತೀರ್ಮಾನದ ನಂತರದ ದಿನನಿತ್ಯದ ಕಲಿಕೆಗೆ ಸಂಬಂಧಿಸಿದವು.

ಚೀನೀಯಲ್ಲಿ ಒಂದು ಅಕ್ಷರವೆಂದರೆ ಸಾಮಾನ್ಯವಾಗಿ ಒಂದು ಉಚ್ಚಾರಾಂಶ, ಜೊತೆಗೆ ಒಂದು ಆಕೃತಿಮಾ, ಅಂದರೆ ಭಾಷೆಯಲ್ಲಿ ಅರ್ಥವುಳ್ಳ ಅತಿ ಸಣ್ಣ ಘಟಕ. ಚೀನಾದ ಶಾಲಾ ಪಠ್ಯಕ್ರಮದ ಪ್ರಕಾರ ಮಗು ಎರಡನೆಯ ತರಗತಿ ಮುಗಿಸುವಾಗ ಸುಮಾರು 1600 ಅಕ್ಷರಗಳನ್ನು ಗುರುತಿಸಬೇಕು, ಸುಮಾರು 800ನ್ನು ಬರೆಯಬೇಕು. ಆರನೆಯ ತರಗತಿಯ ಹೊತ್ತಿಗೆ ಇದು 3000 ಮತ್ತು 2500ಕ್ಕೆ ಏರುತ್ತದೆ. ಕಾಗುಣಿತ, ಒತ್ತಕ್ಷರಗಳ ಭಾರವನ್ನು ಬಲ್ಲ ಕನ್ನಡ ಶಿಕ್ಷಕರಿಗೂ ಈ ಸಂಖ್ಯೆ ದಿಗಿಲು ಹುಟ್ಟಿಸುವಂಥದ್ದೇ. ಆದರೂ ಕನ್ನಡದ ಕಾಗುಣಿತದಲ್ಲಿ ಚಿಹ್ನೆಯನ್ನು ನೋಡಿದರೆ ಉಚ್ಚಾರಣೆ ತಪ್ಪದೆ ಸಿಗುತ್ತದೆ. ಚೀನೀ ಅಕ್ಷರದಲ್ಲಿ ಸಿಗುವುದು ಸುಳಿವು ಮಾತ್ರ. ಇದರ ಮೇಲೆ ಸಮಧ್ವನಿಗಳ, ಅಂದರೆ ಉಚ್ಚಾರಣೆ ಒಂದೇ ಆಗಿದ್ದು ಅರ್ಥ ಬೇರೆಯಾದವುಗಳ, ಹೊರೆಯೂ ಇದೆ. ಚೀನಾದ ಪ್ರಮಾಣ ಭಾಷೆಯಾದ ಮ್ಯಾಂಡರಿನ್‌ನಲ್ಲಿ ದನಿಯ ಏರಿಳಿತವನ್ನು, ಅಂದರೆ ಟೋನನ್ನು, ಬಿಟ್ಟು ಎಣಿಸಿದರೆ ಉಚ್ಚಾರಾಂಶಗಳು ಸುಮಾರು 400, ಸೇರಿಸಿದರೆ ಸುಮಾರು 1300. ಸಾವಿರಾರು ಆಕೃತಿಮಾಗಳು ಇಷ್ಟೇ ಧ್ವನಿಗಳನ್ನು ಹಂಚಿಕೊಳ್ಳಬೇಕು.

ಮಗು ಯಾವ ಊರಿನದು ಎಂಬುದನ್ನೂ ಮೊದಲೇ ಕೇಳಿಕೊಳ್ಳಿ. ಚೀನಾದ ಮುಖ್ಯಭೂಮಿಯಲ್ಲಿ ಮಕ್ಕಳು ಸರಳೀಕೃತ ಅಕ್ಷರಗಳನ್ನು, 1958ರಲ್ಲಿ ಅಂಗೀಕೃತವಾದ ಪಿನ್‌ಯಿನ್ ಎಂಬ ರೋಮನ್ ಬರಹದ ನೆರವಿನಿಂದ ಕಲಿಯುತ್ತಾರೆ. ತೈವಾನ್‌ನಲ್ಲಿ ಸಾಂಪ್ರದಾಯಿಕ ಅಕ್ಷರಗಳು, ಧ್ವನಿ ತೋರಿಸಲು ಝೂಯಿನ್ ಎಂಬ 37 ಚಿಹ್ನೆಗಳು. ಹಾಂಗ್‌ಕಾಂಗ್ ಮಕ್ಕಳು ಶಿಶುವಿಹಾರದಿಂದಲೇ ಸಾಂಪ್ರದಾಯಿಕ ಅಕ್ಷರಗಳನ್ನು, ಹೆಚ್ಚಾಗಿ ಯಾವ ಧ್ವನಿಲಿಪಿಯ ಆಸರೆಯೂ ಇಲ್ಲದೆ, ಅಲ್ಲಿನ ಆಡುಮಾತಾದ ಕಾಂಟನೀಸ್ ಉಚ್ಚಾರಣೆಯಲ್ಲಿ ಕಲಿಯುತ್ತಾರೆ. ಒಂದು ಕಡೆಗೆ ಸಿದ್ಧಪಡಿಸಿದ ಅಭ್ಯಾಸವನ್ನು ಇನ್ನೊಂದು ಕಡೆಗೆ ಹಾಗೆಯೇ ಎತ್ತಿಟ್ಟರೆ ಅದು ಹೊಂದುವುದಿಲ್ಲ.

ಮೊದಲ ಹೆಜ್ಜೆ: ಓದಿಸುವ ಮುನ್ನ ಕೇಳಿಸಿ

1986ರಲ್ಲಿ ಸಂಶೋಧಕರಾದ ಗಫ್ ಮತ್ತು ಟನ್‌ಮರ್ ಮುಂದಿಟ್ಟ ಸರಳ ಸೂತ್ರವೊಂದಿದೆ: ಓದಿನ ಗ್ರಹಿಕೆಯೆಂದರೆ ಪದಗಳನ್ನು ಗುರುತಿಸುವ ಸಾಮರ್ಥ್ಯ ಮತ್ತು ಭಾಷೆಯನ್ನು ಕೇಳಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯ ಇವೆರಡರ ಗುಣಲಬ್ಧ. ಗುಣಲಬ್ಧವಾದ್ದರಿಂದ ಯಾವುದೇ ಒಂದು ಸೊನ್ನೆಯ ಹತ್ತಿರ ಇಳಿದರೂ ಫಲಿತಾಂಶ ಸೊನ್ನೆಯ ಹತ್ತಿರವೇ ಇಳಿಯುತ್ತದೆ. ಆದ್ದರಿಂದ ಮಗುವಿನ ತರಗತಿಗೆ ಸರಿಹೊಂದುವ, ಸಮಾನ ಕಷ್ಟದ ಎರಡು ಸಣ್ಣ ಪಾಠಗಳನ್ನು ಆರಿಸಿಕೊಳ್ಳಿ. ಒಂದನ್ನು ನೀವೇ ನಿಧಾನವಾಗಿ ಓದಿ ಹೇಳಿ, ಇನ್ನೊಂದನ್ನು ಮಗುವಿನಿಂದ ಓದಿಸಿ, ಎರಡಕ್ಕೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ: ಯಾರು ಏನು ಮಾಡಿದರು, ಏಕೆ ಮಾಡಿದರು, ಮುಂದೆ ಏನಾಗಬಹುದು. ಕೊನೆಯಲ್ಲಿ ಕಥೆಯನ್ನು ತನ್ನ ಮಾತಿನಲ್ಲಿ ಹೇಳುವಂತೆ ಹೇಳಿ, ಅನುಮತಿ ಪಡೆದು ಧ್ವನಿಮುದ್ರಿಸಿಕೊಳ್ಳಿ.

ಕೇಳಿದ ಪಾಠ ಚೆನ್ನಾಗಿ ಅರ್ಥವಾಗಿ, ಓದಿದ ಪಾಠ ಅರ್ಥವಾಗದಿದ್ದರೆ ತೊಡಕು ಬಹುಮಟ್ಟಿಗೆ ಅಕ್ಷರ ಮತ್ತು ಪದಗಳ ಗುರುತಿಸುವಿಕೆಯಲ್ಲಿದೆ. ಎರಡು, ಮೂರು ಮತ್ತು ಏಳನೆಯ ಹೆಜ್ಜೆಗಳಿಗೆ ಹೆಚ್ಚು ಸಮಯ ಕೊಡಿ. ಕೇಳಿದ್ದೂ ಅರ್ಥವಾಗದಿದ್ದರೆ ಮಾತಿನ ಭಾಷೆಗೇ ನೆರವು ಬೇಕು. ಇದು ಅಪರೂಪದ ಸಂಗತಿಯೇನಲ್ಲ. ಹಾಂಗ್‌ಕಾಂಗ್‌ನಲ್ಲಿ ಡಿಸ್ಲೆಕ್ಸಿಯಾ ಇರುವ ಮಕ್ಕಳನ್ನು ಸಮವಯಸ್ಕರೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ ಪದಜ್ಞಾನ, ವಾಕ್ಯರಚನೆ, ಕಥೆ ಹೇಳುವಿಕೆ ಇವುಗಳಲ್ಲಿಯೂ ದೌರ್ಬಲ್ಯ ಕಂಡುಬಂದಿದೆ. ಕೆಲವು ಮಕ್ಕಳಲ್ಲಿ ಡಿಸ್ಲೆಕ್ಸಿಯಾ ಮತ್ತು ಭಾಷಾ ಬೆಳವಣಿಗೆಯ ತೊಂದರೆ ಜೊತೆಜೊತೆಗೇ ಇರುತ್ತವೆ. ಅಂಥ ಮಗುವನ್ನು ಭಾಷಾ ಚಿಕಿತ್ಸಕರ ಬಳಿಗೆ ಕರೆದೊಯ್ಯಲು ತಡಮಾಡಬಾರದು.

ಹಾಂಗ್‌ಕಾಂಗ್ ಮಗುವಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿ ಮಗು ಆಡುವುದು ಕಾಂಟನೀಸ್, ಪುಸ್ತಕದಲ್ಲಿರುವುದು ಪ್ರಮಾಣ ಲಿಖಿತ ಚೀನೀ. ‘ಅವನು’ ಎನ್ನಲು ಮಗುವಿನ ಬಾಯಲ್ಲಿ ಬರುವ ಪದ ‘ಖೂಯ್’, ಪುಸ್ತಕದಲ್ಲಿ ಅಚ್ಚಾಗಿರುವ ಪದ ‘ಥಾ’. ‘ಅಲ್ಲ’ ಎನ್ನಲು ಬಾಯಲ್ಲಿ ‘ಮ್’, ಪುಸ್ತಕದಲ್ಲಿ ‘ಬತ್’. ಮನೆಯಲ್ಲಿ ಕುಂದಾಪುರದ ಕನ್ನಡವನ್ನೋ ಧಾರವಾಡದ ಕನ್ನಡವನ್ನೋ ಆಡುವ ಮಗು ಪಠ್ಯಪುಸ್ತಕದ ಗ್ರಾಂಥಿಕ ಭಾಷೆಯನ್ನು ಎದುರಿಸುವಾಗಿನ ಅಂತರವನ್ನು ನೆನಪಿಸಿಕೊಂಡರೆ ಇದು ಅರ್ಥವಾಗುತ್ತದೆ. ಅಲ್ಲಿನ ಅಂತರ ಇನ್ನೂ ಹಿರಿದು. ಆದ್ದರಿಂದ ಪಾಠವನ್ನು ಒಮ್ಮೆ ಆಡುಮಾತಿಗೆ ತಿರುಗಿಸಿ, ಒಮ್ಮೆ ಪುಸ್ತಕದಲ್ಲಿದ್ದಂತೆಯೇ, ಹೀಗೆ ಎರಡು ಬಗೆಯಲ್ಲಿ ಓದಿ ಹೇಳಿ. ಆಡುಮಾತಿನಲ್ಲಿ ಅರ್ಥವಾಗಿ ಪುಸ್ತಕದ ಭಾಷೆಯಲ್ಲಿ ಅರ್ಥವಾಗದಿದ್ದರೆ ಮಗುವಿಗೆ ಕೊರತೆಯಿರುವುದು ಬುದ್ಧಿಯದ್ದಲ್ಲ, ಆ ಲಿಖಿತ ಭಾಷೆಯ ಪರಿಚಯದ್ದು.

ಎರಡನೆಯ ಹೆಜ್ಜೆ: ಅಕ್ಷರವನ್ನು ಭಾಗಗಳಾಗಿ ತೋರಿಸಿ

ಚೀನೀ ಅಕ್ಷರಗಳಲ್ಲಿ ಬಹುಪಾಲು ಎರಡು ಭಾಗಗಳ ಜೋಡಣೆ: ಒಂದು ಅರ್ಥದ ಸುಳಿವು ಕೊಡುತ್ತದೆ, ಇನ್ನೊಂದು ಧ್ವನಿಯ ಸುಳಿವು ಕೊಡುತ್ತದೆ. ಸಾಮಾನ್ಯವಾಗಿ ಓದುವ ಮಕ್ಕಳು ಈ ವ್ಯವಸ್ಥೆಯನ್ನು ಯಾರೂ ಹೇಳಿಕೊಡದೆಯೂ ಒಂದಷ್ಟು ಮಟ್ಟಿಗೆ ಹಿಡಿಯುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಬಾಯಿಬಿಟ್ಟು ಹೇಳಿಯೇ ತೋರಿಸಬೇಕು.

ಇಡೀ ಒಂದು ಪಾಠಕ್ಕೆ ಸಾಕಾಗುವ ಒಂದು ಕುಟುಂಬವನ್ನು ಹತ್ತಿರದಿಂದ ನೋಡೋಣ. ‘ಚಿಂಗ್’ ಎಂಬ ಅಕ್ಷರಕ್ಕೆ ಹಸಿರು, ನೀಲಿಗಳಿಗೆ ಸಂಬಂಧಿಸಿದ ಅರ್ಥವಿದೆ. ಅದರ ಎಡಕ್ಕೆ ನೀರಿನ ಮೂರು ಬಿಂದುಗಳನ್ನಿಟ್ಟರೆ ‘ತಿಳಿಯಾದ’ ಎಂಬ ಅರ್ಥದ ಚಿಂಗ್. ಮಾತಿನ ಚಿಹ್ನೆಯನ್ನಿಟ್ಟರೆ ‘ದಯವಿಟ್ಟು’ ಎನ್ನುವ ಚಿಂಗ್. ಹೃದಯದ ಚಿಹ್ನೆಯನ್ನಿಟ್ಟರೆ ‘ಭಾವನೆ’, ಸೂರ್ಯನ ಚಿಹ್ನೆಯನ್ನಿಟ್ಟರೆ ‘ಬಿಸಿಲಿನಿಂದ ಕೂಡಿದ’. ಟೋನ್ ಬದಲಾಗುತ್ತದೆ, ಮೂಲಧ್ವನಿ ಉಳಿಯುತ್ತದೆ. ಕಣ್ಣಿನ ಚಿಹ್ನೆಯನ್ನಿಟ್ಟಾಗ ಮಾತ್ರ ಧ್ವನಿ ‘ಜಿಂಗ್’ ಆಗಿ ಸ್ವಲ್ಪ ಸರಿಯುತ್ತದೆ. ಸೂರ್ಯನ ಚಿಹ್ನೆಯ ಪೆಟ್ಟಿಗೆಯೊಳಗೆ ಒಂದು ಅಡ್ಡಗೆರೆ, ಕಣ್ಣಿನ ಚಿಹ್ನೆಯ ಪೆಟ್ಟಿಗೆಯೊಳಗೆ ಎರಡು. ಬಿಸಿಲಿಗೂ ಕಣ್ಣಿಗೂ ಇರುವ ವ್ಯತ್ಯಾಸ ಅಷ್ಟೇ ಒಂದು ಗೆರೆ. ಡಿಸ್ಲೆಕ್ಸಿಯಾ ಇರುವ ಮಗು ಇವೆರಡನ್ನು ಅದಲುಬದಲು ಮಾಡಿದರೆ ಅಜಾಗರೂಕತೆ ಎಂದು ಗದರುವುದು ಅನ್ಯಾಯ.

ಪಾಠವನ್ನು ಹೀಗೆ ನಡೆಸಿ. ಧ್ವನಿಭಾಗವಿರುವ ಒಂದು ದಪ್ಪ ಚೀಟಿ, ಅರ್ಥಭಾಗಗಳಿರುವ ಐದು ಸಣ್ಣ ಚೀಟಿಗಳನ್ನು ಮೇಜಿನ ಮೇಲಿಡಿ. ಮಗುವೇ ಅವನ್ನು ಜೋಡಿಸಿ, ಪ್ರತಿ ಜೋಡಣೆಗೂ ಉಚ್ಚಾರಣೆ ಹೇಳಿ, ಅರ್ಥಭಾಗ ಅಲ್ಲಿ ಏಕೆ ಕುಳಿತಿದೆ ಎಂದು ತನ್ನ ಮಾತಿನಲ್ಲಿ ವಿವರಿಸಬೇಕು. ಕೊನೆಗೆ ಇದುವರೆಗೆ ಕಲಿಸದ ಒಂದು ಅಕ್ಷರವನ್ನು ಮುಂದಿಡಿ: ಎಡಕ್ಕೆ ಹುಳುವಿನ ಚಿಹ್ನೆ, ಬಲಕ್ಕೆ ಅದೇ ಚಿಂಗ್. ‘ಇದೊಂದು ಹುಳು, ಹೆಸರು ಚಿಂಗ್ ಎಂದು ಶುರುವಾಗುತ್ತದೆ, ಕೆರೆಯ ಮೇಲೆ ಹಾರುತ್ತದೆ’ ಎನ್ನಿ. ‘ಚಿಂಗ್‌ಥಿಂಗ್’ ಎಂಬ ಪದವನ್ನು ಕಿವಿಯಿಂದ ಬಲ್ಲ ಮಗು ಅದನ್ನು ಏರೋಪ್ಲೇನ್ ಚಿಟ್ಟೆ ಎಂದು ತಾನೇ ಕಂಡುಕೊಳ್ಳುತ್ತದೆ. ಕಿವಿಯಲ್ಲಿದ್ದ ಪದ ಕಣ್ಣಿನ ಮುಂದಿನ ಅಕ್ಷರಕ್ಕೆ ಬಂದು ಸೇರುವುದು ಆ ಕ್ಷಣದಲ್ಲಿ. ಬಾಯಿಮಾತಿನ ಪದಸಂಪತ್ತು ಓದಿಗೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಧ್ವನಿಭಾಗ ಯಾವಾಗಲೂ ನಿಜ ಹೇಳುವುದಿಲ್ಲ ಎಂಬುದನ್ನೂ ಕಲಿಸಬೇಕು. ಅದೇ ಚಿಂಗ್‌ನ ಎಡಕ್ಕೆ ಪ್ರಾಣಿಯ ಚಿಹ್ನೆ ಬಂದರೆ ಉಚ್ಚಾರಣೆ ‘ತ್ಸಾಯ್’, ಅರ್ಥ ‘ಊಹಿಸು’. ಇಂಥವನ್ನು ಕುಟುಂಬದಿಂದ ಬೇರೆ ಇಟ್ಟು, ಬಣ್ಣದ ಚೀಟಿಯಲ್ಲಿ ಬರೆದು, ‘ಹೊರಗಿನವು’ ಎಂದು ಹೆಸರಿಸಿದರೆ ಮಗು ಗೊಂದಲಗೊಳ್ಳುವುದಿಲ್ಲ.

ಬರೆಯುವ ಅಭ್ಯಾಸವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಚೀನೀ ಓದಿಗೂ ಕೈಬರಹಕ್ಕೂ ಗಾಢ ಸಂಬಂಧವಿದೆ ಎಂದು 2005ರ ಒಂದು ಪ್ರಸಿದ್ಧ ಅಧ್ಯಯನ ತೋರಿಸಿದೆ. ಆದರೆ ಮಾದರಿಯನ್ನು ನೋಡುತ್ತಲೇ ನಕಲು ಮಾಡುವಾಗ ಕೈ ಮಾತ್ರ ದುಡಿಯುತ್ತದೆ. ಅಕ್ಷರವನ್ನು ನೋಡಿ, ಭಾಗಗಳನ್ನು ಹೆಸರಿಸಿ, ಮುಚ್ಚಿ, ನೆನಪಿನಿಂದ ಬರೆದು, ತೆರೆದು ಹೋಲಿಸುವ ಕ್ರಮದಲ್ಲಿ ಮೂರು ಸಲ ಬರೆದದ್ದು ಮೂವತ್ತು ಸಲದ ನಕಲಿಗಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಹೆಜ್ಜೆ: ಪದದೊಳಗಿನ ಅರ್ಥವನ್ನು ಬಿಡಿಸಲು ಕಲಿಸಿ

ಈ ಹೆಜ್ಜೆಗೆ ಉಳಿದವುಗಳಿಗಿಂತ ಹೆಚ್ಚಿನ ಮಹತ್ವ ಕೊಡಬೇಕೆಂದು ಕೋರುತ್ತೇನೆ. 2006ರಲ್ಲಿ ಶೂ ಹುವಾ ಮತ್ತು ಸಂಗಡಿಗರು ಬೀಜಿಂಗ್‌ನ ಐದು ಮತ್ತು ಆರನೆಯ ತರಗತಿಯ ಮಕ್ಕಳಲ್ಲಿ ನಡೆಸಿದ ಅಧ್ಯಯನ, ಚೀನೀ ಡಿಸ್ಲೆಕ್ಸಿಯಾದ ತಿರುಳಿನಲ್ಲಿ ಆಕೃತಿಮಾಗಳ ಅರಿವಿನ ಕೊರತೆ ಇದೆ ಎಂದು ವಾದಿಸಿತು. ಕಾರಣ ಸರಳ: ಆಧುನಿಕ ಚೀನೀ ಪದಗಳು ಬಹುತೇಕ ಎರಡು ಆಕೃತಿಮಾಗಳ ಸಮಾಸಗಳು. ‘ದಿಯೆನ್’ ಎಂದರೆ ವಿದ್ಯುತ್ತು. ವಿದ್ಯುತ್ತು ಮತ್ತು ಮಾತು ಸೇರಿದರೆ ‘ದಿಯೆನ್‌ಹ್ವಾ’, ದೂರವಾಣಿ; ವಿದ್ಯುತ್ತು ಮತ್ತು ಮಿದುಳು ಸೇರಿದರೆ ‘ದಿಯೆನ್‌ನಾವ್’, ಕಂಪ್ಯೂಟರ್; ವಿದ್ಯುತ್ತು ಮತ್ತು ನೆರಳು ಸೇರಿದರೆ ‘ದಿಯೆನ್‌ಯಿಂಗ್’, ಸಿನಿಮಾ. ಪದವನ್ನು ಬಿಡಿಸಬಲ್ಲ ಮಗುವಿಗೆ ಒಂದು ಆಕೃತಿಮಾ ಹತ್ತು ಪದಗಳ ಬೀಗದ ಕೈ. ಬಿಡಿಸಲಾರದ ಮಗು ಹತ್ತು ಪದಗಳನ್ನೂ ಬೇರೆಬೇರೆಯಾಗಿ ಹೊತ್ತುಕೊಳ್ಳಬೇಕು.

ಪ್ರತಿದಿನ ಐದು ನಿಮಿಷ ಅಕ್ಷರವನ್ನೇ ತೋರಿಸದೆ ಬಾಯಿಮಾತಿನ ಆಟ ಆಡಿಸಿ. ‘ಮಂಜಿನಿಂದ ಮಾಡಿದ ಮನುಷ್ಯನನ್ನು ಮಂಜು–ಮನುಷ್ಯ ಎನ್ನುತ್ತೇವೆ, ಮಣ್ಣಿನಿಂದ ಮಾಡಿದವನನ್ನು ಏನೆನ್ನೋಣ?’ ಎಂಬ ಬಗೆಯ ಪ್ರಶ್ನೆಗಳು ಸಾಕು; ನಿಘಂಟಿನಲ್ಲಿಲ್ಲದ ಉತ್ತರ ಬಂದರೂ ರಚನೆ ಸರಿಯಿದ್ದರೆ ಅದು ಸರಿಯೇ. ಅನಂತರ ಸಮಧ್ವನಿಗಳಿಗೆ ಬನ್ನಿ. ಮ್ಯಾಂಡರಿನ್‌ನಲ್ಲಿ ‘ಮಾತು’ ಎಂಬ ಹ್ವಾ ಮತ್ತು ‘ಚಿತ್ರ’ ಎಂಬ ಹ್ವಾ ಟೋನಿನಲ್ಲೂ ಒಂದೇ, ಅಕ್ಷರಗಳು ಮಾತ್ರ ಬೇರೆ. ಮಗು ದೂರವಾಣಿ ಎಂಬ ಪದದಲ್ಲಿ ಚಿತ್ರದ ಹ್ವಾ ಬರೆದರೆ ತಪ್ಪಿಗೆ ಕೆಂಪು ಗುರುತು ಹಾಕಿ ಮುಂದೆ ಹೋಗಬೇಡಿ. ‘ದೂರವಾಣಿಯಲ್ಲಿ ನಾವು ಮಾತಾಡುತ್ತೇವೆಯೋ, ಚಿತ್ರ ಬರೆಯುತ್ತೇವೆಯೋ?’ ಎಂದು ಕೇಳಿ, ಮಗುವೇ ತಿದ್ದಲು ಬಿಡಿ. ಹೂವು ಎಂಬ ಅರ್ಥದ ಹ್ವಾ ಇನ್ನೊಂದು ಬಗೆಯದು: ಅದೇ ಅಕ್ಷರ, ಅದೇ ಧ್ವನಿ, ಆದರೆ ‘ಹಣ ಖರ್ಚು ಮಾಡು’ ಎಂಬ ಅರ್ಥವೂ ಅದಕ್ಕಿದೆ. ಇಂಥ ಪದಗಳ ಚೀಟಿಗಳನ್ನು ಅರ್ಥಕ್ಕೆ ತಕ್ಕಂತೆ ಎರಡು ಬುಟ್ಟಿಗಳಿಗೆ ವಿಂಗಡಿಸುವ ಆಟವನ್ನು ಚಿಕ್ಕ ಮಕ್ಕಳೂ ಇಷ್ಟಪಟ್ಟು ಆಡುತ್ತಾರೆ.

ನಾಲ್ಕನೆಯ ಹೆಜ್ಜೆ: ಪದ ಎಲ್ಲಿ ಮುಗಿಯುತ್ತದೆ?

ಚೀನೀ ಬರಹದಲ್ಲಿ ಪದಗಳ ನಡುವೆ ಖಾಲಿ ಜಾಗವಿಲ್ಲ. ‘ಅಭಿವೃದ್ಧಿಶೀಲ ರಾಷ್ಟ್ರ’ ಎನ್ನಲು ಬರೆಯುವ ಐದು ಅಕ್ಷರಗಳು ‘ಫಾ, ಝಾನ್, ಝೋಂಗ್, ಗುವೊ, ಜಿಯಾ’. ಸರಿಯಾದ ವಿಂಗಡಣೆ ‘ಫಾಝಾನ್ – ಝೋಂಗ್ – ಗುವೊಜಿಯಾ’. ಆದರೆ ನಡುವಿನ ಎರಡು ಅಕ್ಷರಗಳು ಪಕ್ಕಪಕ್ಕದಲ್ಲಿ ಕುಳಿತು ‘ಝೋಂಗ್ಗುವೊ’, ಅಂದರೆ ಚೀನಾ, ಎಂಬ ಬಲು ಪರಿಚಿತ ಪದವಾಗಿ ಕಾಣುತ್ತವೆ. ಒಂದೊಂದೇ ಅಕ್ಷರ ಗುರುತಿಸಿ ಮುಂದೆ ಸಾಗುವ ಮಗು ಇಲ್ಲಿ ದಾರಿ ತಪ್ಪುತ್ತದೆ, ಹಿಂದಿರುಗಿ ಸರಿಪಡಿಸಿಕೊಳ್ಳುವಷ್ಟರಲ್ಲಿ ವಾಕ್ಯದ ಆರಂಭ ಮರೆತಿರುತ್ತದೆ. ಮಗು ಓದುವ ಮೊದಲು ಪೆನ್ಸಿಲಿನಿಂದ ಪದಗಳ ನಡುವೆ ಓರೆಗೆರೆ ಹಾಕುವ ಅಭ್ಯಾಸ ಮಾಡಿಸಿ. ಕೆಲವು ವಾರಗಳ ನಂತರ ಕಷ್ಟದ ಜಾಗಗಳಲ್ಲಿ ಮಾತ್ರ ಹಾಕಲಿ.

ಐದನೆಯ ಹೆಜ್ಜೆ: ವಾಕ್ಯವನ್ನು ಚಿತ್ರದೊಂದಿಗೆ ಹೊಂದಿಸಿ

ಕನ್ನಡದಲ್ಲಿ ‘ನಾಯಿಯನ್ನು ಬೆಕ್ಕು ಕಚ್ಚಿತು’ ಎಂದರೂ ‘ಬೆಕ್ಕು ನಾಯಿಯನ್ನು ಕಚ್ಚಿತು’ ಎಂದರೂ ವಿಭಕ್ತಿ ಪ್ರತ್ಯಯ ಅರ್ಥವನ್ನು ಕಾಪಾಡುತ್ತದೆ. ಚೀನೀಯಲ್ಲಿ ವಿಭಕ್ತಿಯಿಲ್ಲ, ಪದಗಳ ಅನುಕ್ರಮ ಮತ್ತು ಕೆಲವು ಸಣ್ಣ ಪದಗಳು ಆ ಕೆಲಸ ಮಾಡುತ್ತವೆ. ‘ಮಾವ್ ಬಾ ಗೋವ್ ಯಾವ್ ಲ’ ಎಂದರೆ ಬೆಕ್ಕು ನಾಯಿಯನ್ನು ಕಚ್ಚಿತು. ‘ಗೋವ್ ಬೆಯ್ ಮಾವ್ ಯಾವ್ ಲ’ ಎಂದರೆ ನಾಯಿ ಬೆಕ್ಕಿನಿಂದ ಕಚ್ಚಿಸಿಕೊಂಡಿತು. ಸಂಗತಿ ಒಂದೇ, ಪ್ರಾಣಿಗಳ ಸ್ಥಾನ ಅದಲುಬದಲು. ಎರಡನೆಯ ವಾಕ್ಯದಲ್ಲಿ ‘ಬೆಯ್’ ಎಂಬುದನ್ನು ಗಮನಿಸದ ಮಗು ನಾಯಿಯೇ ಕಚ್ಚಿತೆಂದು ಭಾವಿಸುತ್ತದೆ, ಲೋಕಾನುಭವವೂ ಹಾಗೆಯೇ ಹೇಳುತ್ತದೆ. ಆದ್ದರಿಂದಲೇ ಇಂಥ ಅಸಂಭವ ಎನಿಸುವ ವಾಕ್ಯಗಳು ಪರೀಕ್ಷೆಗೆ ತಕ್ಕವು: ಊಹೆಯಿಂದ ಸರಿಯುತ್ತರ ಬರುವುದಿಲ್ಲ.

ಬೆಕ್ಕು ಕಚ್ಚುವ ಮತ್ತು ನಾಯಿ ಕಚ್ಚುವ ಎರಡು ಚಿತ್ರಗಳನ್ನಿಟ್ಟು ಮೊದಲು ವಾಕ್ಯವನ್ನು ಕೇಳಿಸಿ, ಅನಂತರ ಓದಿಸಿ, ಮಗು ಚಿತ್ರಕ್ಕೆ ಬೆರಳಿಡಲಿ. ಮುಂದೆ ವಾಕ್ಯವನ್ನು ಪದಪದವಾಗಿ ಕತ್ತರಿಸಿ, ಚೀಟಿಗಳನ್ನು ಕಲಸಿ, ಚಿತ್ರಕ್ಕೆ ತಕ್ಕಂತೆ ಜೋಡಿಸಲು ಹೇಳಿ. ಕಾಂಟನೀಸ್ ಆಡುಮಾತಿನಲ್ಲಿ ‘ಬಾ’ ರೂಪ ಅಪರೂಪವಾದ್ದರಿಂದ ಹಾಂಗ್‌ಕಾಂಗ್ ಮಗುವಿಗೆ ಈ ಅಭ್ಯಾಸ ಹೆಚ್ಚು ಬೇಕು. ‘ನಾನು ನಿನ್ನೆ ಕೊಂಡ ಪುಸ್ತಕ’ ಎಂಬಂಥ ಉದ್ದ ವಿಶೇಷಣಗಳು ಚೀನೀಯಲ್ಲಿಯೂ ಕನ್ನಡದಂತೆ ನಾಮಪದದ ಮುಂಚೆಯೇ ಬರುತ್ತವೆ. ಅಲ್ಲಿ ಮೊದಲು ಕೊನೆಯ ನಾಮಪದವನ್ನು ಹುಡುಕಿ ಗುರುತು ಹಾಕಿಸಿ, ಅನಂತರ ಹಿಂದಿರುಗಿ ಅದರ ವಿಶೇಷಣವನ್ನು ಓದಿಸಿ.

ಆರನೆಯ ಹೆಜ್ಜೆ: ವಾಕ್ಯಗಳ ನಡುವಿನ ಕೊಂಡಿಗಳು

ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟರೂ ‘ಬಂದಳು’ ಎಂಬ ಕ್ರಿಯಾಪದವೇ ಬಂದವಳು ಹೆಣ್ಣೆಂದೂ ಒಬ್ಬಳೆಂದೂ ತಿಳಿಸುತ್ತದೆ. ಚೀನೀಯಲ್ಲಿಯೂ ಕರ್ತೃಪದವನ್ನು ಧಾರಾಳವಾಗಿ ಬಿಡುತ್ತಾರೆ, ಆದರೆ ಕ್ರಿಯಾಪದದಲ್ಲಿ ಯಾವ ಸುಳಿವೂ ಇರುವುದಿಲ್ಲ. ಒಂದು ಪರಿಚ್ಛೇದದಲ್ಲಿ ಅಜ್ಜಿ, ಮೊಮ್ಮಗಳು, ನೆರೆಯವ ಮೂವರೂ ಇದ್ದರೆ ಬಾಗಿಲು ತಟ್ಟಿದವರಾರು ಎಂಬುದನ್ನು ಓದುಗನೇ ನೆನಪಿನಲ್ಲಿಟ್ಟುಕೊಂಡು ತುಂಬಬೇಕು. ಅಕ್ಷರ ಗುರುತಿಸುವುದರಲ್ಲೇ ಗಮನವೆಲ್ಲ ಖರ್ಚಾದ ಮಗುವಿಗೆ ಇದು ಭಾರ. ಸರ್ವನಾಮವಿದ್ದರೂ ತೊಡಕು ತೀರುವುದಿಲ್ಲ: ಮ್ಯಾಂಡರಿನ್‌ನಲ್ಲಿ ‘ಅವನು’, ‘ಅವಳು’ ಎರಡಕ್ಕೂ ಉಚ್ಚಾರಣೆ ‘ಥಾ’, ಬರಹದಲ್ಲಿ ಮಾತ್ರ ಒಂದಕ್ಕೆ ಮನುಷ್ಯನ ಚಿಹ್ನೆ, ಇನ್ನೊಂದಕ್ಕೆ ಹೆಣ್ಣಿನ ಚಿಹ್ನೆ. ಎಡಭಾಗವನ್ನು ಗಮನಿಸದ ಕಣ್ಣು ಕಥೆಯ ವ್ಯಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಪರಿಚ್ಛೇದದಲ್ಲಿ ಕರ್ತೃ ಬಿಟ್ಟುಹೋದ ಪ್ರತಿ ಜಾಗದಲ್ಲೂ ಸಣ್ಣ ಚೌಕ ಬರೆದು, ಒಬ್ಬೊಬ್ಬ ಪಾತ್ರಕ್ಕೆ ಒಂದೊಂದು ಬಣ್ಣ ಕೊಟ್ಟು, ಮಗುವೇ ಆ ಚೌಕಗಳಿಗೆ ಬಣ್ಣ ತುಂಬಲಿ. ತಪ್ಪು ಬಣ್ಣ ಬಿದ್ದ ಚೌಕ ಎಲ್ಲಿದೆಯೋ ಅರ್ಥ ಕಡಿದುಹೋದದ್ದು ಅಲ್ಲೇ. ಆಮೇಲೆ ‘ಯಿನ್‌ವೆಯ್–ಸುವೊಯಿ’, ಅಂದರೆ ಕಾರಣ–ಆದ್ದರಿಂದ, ‘ಸುಯ್‌ರಾನ್–ದಾನ್‌ಶ’, ಅಂದರೆ ಆದರೂ–ಆದರೆ, ಇಂಥ ಜೋಡಿಪದಗಳನ್ನು ಬಾಯಿಮಾತಿನಲ್ಲಿ ಬಳಸಿ ಮುಗಿಸುವ ಅಭ್ಯಾಸ: ನೀವು ಮೊದಲ ಅರ್ಧ ಹೇಳಿ, ಮಗು ಎರಡನೆಯ ಅರ್ಧ ಹೇಳಲಿ. ಮೊದಲ ಹೆಜ್ಜೆಯಲ್ಲಿ ಧ್ವನಿಮುದ್ರಿಸಿದ ಕಥೆಯಲ್ಲಿ ‘ಆಮೇಲೆ, ಆಮೇಲೆ’ ಎಂಬುದೊಂದೇ ಕೊಂಡಿ ಇದ್ದರೆ ಈ ಅಭ್ಯಾಸಕ್ಕೆ ಹೆಚ್ಚು ದಿನಗಳನ್ನು ಮೀಸಲಿಡಬೇಕು.

ಏಳನೆಯ ಹೆಜ್ಜೆ: ವೇಗ

ಹಾಂಗ್‌ಕಾಂಗ್‌ನ ಅಧ್ಯಯನಗಳಲ್ಲಿ ಡಿಸ್ಲೆಕ್ಸಿಯಾ ಇರುವ ಚೀನೀ ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಂಡ ಕೊರತೆ, ಅಂಕಿಗಳಂಥ ಪರಿಚಿತ ಚಿಹ್ನೆಗಳನ್ನು ಬೇಗಬೇಗನೆ ಹೆಸರಿಸುವುದರಲ್ಲಿ. ಬಲ್ಲ ಅಕ್ಷರವೂ ನಿಧಾನವಾಗಿ ನೆನಪಿಗೆ ಬರುತ್ತದೆ. ಇದಕ್ಕೆ ನೂರು ಅಕ್ಷರಗಳೊಳಗಿನ ಒಂದೇ ಪರಿಚ್ಛೇದವನ್ನು ಮೂರ್ನಾಲ್ಕು ದಿನ ಓದಿಸಿ. ಮೊದಲು ನಿಮ್ಮ ಜೊತೆ, ಆಮೇಲೆ ಒಂಟಿಯಾಗಿ. ಸಹಪಾಠಿಗಳ ವೇಗದೊಂದಿಗೆ ಹೋಲಿಸಬೇಡಿ. ಅಕ್ಷರಗಳ ಮೇಲೆ ಪಿನ್‌ಯಿನ್ ಅಚ್ಚಾಗಿರುವ ಪುಸ್ತಕವಾದರೆ ಆ ಸಾಲಿನ ಮೇಲೆ ಕಾಗದದ ಪಟ್ಟಿ ಇಡಿ. ಇಲ್ಲದಿದ್ದರೆ ಮಗು ಅಕ್ಷರದ ಬದಲು ಪಿನ್‌ಯಿನ್ ಓದುತ್ತಿರಬಹುದು. ಸಿಕ್ಕಿಬಿದ್ದಾಗ ಮಾತ್ರ ಪಟ್ಟಿ ಸರಿಸಲಿ.

ದಿನಚರಿ ಮತ್ತು ದಾಖಲೆ

ಇವೆಲ್ಲವನ್ನೂ ಒಂದೇ ದಿನ ಮಾಡಿಸಿದರೆ ಮಗು ದಣಿಯುತ್ತದೆ. ದಿನಕ್ಕೆ ಇಪ್ಪತ್ತೈದು ನಿಮಿಷ ಸಾಕು: ಐದು ನಿಮಿಷ ಬಾಯಿಮಾತಿನ ಪದದ ಆಟ, ಹತ್ತು ನಿಮಿಷ ಅಕ್ಷರ ಕುಟುಂಬ ಅಥವಾ ವಾಕ್ಯ, ಉಳಿದದ್ದು ಪರಿಚ್ಛೇದದ ಓದು. ಇದರ ಹೊರಗೆ, ಮಲಗುವ ಮುನ್ನ, ಮಗುವಿನ ಓದಿನ ಮಟ್ಟಕ್ಕಿಂತ ಮೇಲಿನ ಕಥೆಗಳನ್ನು ನೀವು ಓದಿ ಹೇಳುವುದು ನಿಲ್ಲಬಾರದು. ತಾನಾಗಿ ಓದಲಾರದ ಮಗುವಿಗೆ ಹೊಸ ಪದಗಳು, ಪುಸ್ತಕದ ವಾಕ್ಯಗಳು ಬರುವುದು ಆ ದಾರಿಯಿಂದಲೇ.

ನೋಟ್‌ಬುಕ್ಕಿನಲ್ಲಿ ತಪ್ಪುಗಳನ್ನು ಎಣಿಸುವ ಬದಲು ಬಗೆಯ ಪ್ರಕಾರ ಬರೆದಿಡಿ: ರೂಪ ಹೋಲುವ ಅಕ್ಷರದ ತಪ್ಪು, ಸಮಧ್ವನಿಯ ತಪ್ಪು, ಪದದ ಗಡಿಯ ತಪ್ಪು, ‘ಬೆಯ್’ ವಾಕ್ಯದ ತಪ್ಪು, ಬಣ್ಣ ತಪ್ಪಿದ ಚೌಕ. ಎಂಟು ವಾರಗಳ ನಂತರ ಮೊದಲ ಹೆಜ್ಜೆಯ ಜೋಡಿಪಾಠಗಳನ್ನು ಹೊಸ ಪಾಠಗಳೊಂದಿಗೆ ಮತ್ತೆ ನಡೆಸಿ, ಕೇಳಿದ್ದಕ್ಕೂ ಓದಿದ್ದಕ್ಕೂ ನಡುವಿನ ಅಂತರ ಕಿರಿದಾಗಿದೆಯೇ ನೋಡಿ. ಆ ನೋಟ್‌ಬುಕ್ಕನ್ನು ತರಗತಿಯ ಶಿಕ್ಷಕರಿಗೆ ತೋರಿಸಿ, ವಿಜ್ಞಾನ, ಗಣಿತದ ಪರೀಕ್ಷೆಗಳಲ್ಲಿ ಪ್ರಶ್ನೆಗಳನ್ನು ಓದಿ ಹೇಳುವ ವ್ಯವಸ್ಥೆ ಮತ್ತು ಹೆಚ್ಚುವರಿ ಸಮಯವನ್ನು ಕೇಳಿ; ಕೇಳಿದರೆ ಅರ್ಥವಾಗುವ ಮಗು ಓದಲಾರದ ಕಾರಣಕ್ಕೆ ಆ ವಿಷಯಗಳಲ್ಲಿ ಅಂಕ ಕಳೆದುಕೊಳ್ಳಬೇಕಾಗಿಲ್ಲ.